ಬೆಳಕಿಂಡಿಯ ಆಳ

ಈಗಲೂ ನಾನು ಯಾವ ಕೋಣೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲನ್ನು ಒಮ್ಮೆ ಎಳೆದು ಒಮ್ಮೆ ನೂಕಿ ನೋಡುತ್ತೇನೆ. ಕದ ಸರಾಗವಾಗಿ ಆಡಿದರೆ ಒಳಗೆ ಹೋಗುತ್ತೇನೆ. ಬಿಗಿಯಾಗಿದ್ದರೆ ಹೊರಗೇ ನಿಂತು ಮಾತಾಡಿಸುತ್ತೇನೆ. ಅವ್ವ ಇದನ್ನು ನೋಡಿ, "ಏನವಾ, ಬಾಗಲಿಗೂ ಪರೀಕ್ಷಾ ತಗೊಳ್ಳಾಕತ್ತೀ ಏನ?" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಕೈ ತನ್ನ ಕೆಲಸ ಬಿಡುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಯ ಶಾಲೆಗಳಿಗೆ ನೆರವಾಗುವ ಒಂದು ಶಿಕ್ಷಣ ಪ್ರತಿಷ್ಠಾನದಲ್ಲಿ ನಾನು ಸಂಘಟಕಿಯಾಗಿದ್ದೆ. ಏಳನೆಯ ಇಯತ್ತೆಯ ಬಡ ಮಕ್ಕಳಿಗೆ ಪರೀಕ್ಷೆ ಇಟ್ಟು, ಆಯ್ಕೆಯಾದವರನ್ನು ತಾಲ್ಲೂಕಿನ ಹೈಸ್ಕೂಲಿಗೆ ಸೇರಿಸಿ, ಬೋರ್ಡಿಂಗಿನ ಖರ್ಚು ನೋಡಿಕೊಳ್ಳುತ್ತಿದ್ದೆವು. ರಜೆಯಲ್ಲಿ ಮಾಸ್ತರರಿಗೆ ತರಬೇತಿ ಕೊಡುತ್ತಿದ್ದೆವು. ಶಾಲೆಗಳಿಗೆ ಪುಸ್ತಕ ತುಂಬಿದ ಕಬ್ಬಿಣದ ಕಪಾಟು, ನಕಾಶೆ, ವಿಜ್ಞಾನದ ಪೆಟ್ಟಿಗೆ ಕಳಿಸುತ್ತಿದ್ದೆವು. ಕರಾರು ಒಂದೇ: ಮುಂಗಾರಿಗೆ ಮೊದಲು ಊರವರು ಶ್ರಮದಾನ ಮಾಡಿ ಶಾಲೆಯ ಮಾಳಿಗೆಗೆ ಮಣ್ಣು ಹಾಕಿರಬೇಕು. ಆ ಕರಾರನ್ನು ತಂದವರು ನಮ್ಮ ಅಧ್ಯಕ್ಷರು, ನಿವೃತ್ತ ಶಾಲಾ ಇನ್‌ಸ್ಪೆಕ್ಟರು. ಊರವರ ಕೈ ಹತ್ತದ ಶಾಲೆ ಉಳಿಯುವುದಿಲ್ಲ ಎಂಬುದು ಅವರ ದೃಢ ನಂಬಿಕೆ. ಅದರಲ್ಲಿ ತಪ್ಪು ಹುಡುಕುವುದು ಯಾರಿಗೂ ಸಾಧ್ಯವಿರಲಿಲ್ಲ.

ನಮ್ಮ ಕಡೆ ಮಾಳಿಗೆ ಎಂದರೆ ಚಪ್ಪಟೆ ಮಣ್ಣಿನ ಸೂರು. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಬೇವಿನ ತಪ್ಪಲು, ಆಮೇಲೆ ಮಣ್ಣು. ಸೂರಿನ ನಡುವೆ ಬೆಳಕಿಗೆಂದು ಒಂದು ತೂತು, ಅದೇ ಬೆಳಕಿಂಡಿ. ನೀರು ಇಳಿಯದ ಹಾಗೆ ವರ್ಷಕ್ಕೊಮ್ಮೆ ಕರಲು ಮಣ್ಣು ತಂದು ಹರವಿ ಬಡಿಯುತ್ತಾರೆ. ಹೊಸದನ್ನು ಹಾಕುತ್ತಾರೆಯೇ ಹೊರತು ಹಳೆಯದನ್ನು ತೆಗೆಯುವುದಿಲ್ಲ. ಮಾಳಿಗೆಯ ಮಣ್ಣು ಕೆಳಗಿಳಿಸುವುದು ಮನೆ ಕೆಡಹುವವರ ಕೆಲಸ, ಅಪಶಕುನ ಎಂದು ಹಿರಿಯರು ಹೇಳುತ್ತಿದ್ದರು. ಇಂಡಿಯ ನಮ್ಮ ಮನೆಯಲ್ಲೂ ಹಾಗೆಯೇ. ಅಂಥ ಸೂರಿನ ಕೆಳಗೆ ಹುಟ್ಟಿ ಬೆಳೆದ ನನಗೆ, ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೂ, ಅದಕ್ಕೊಂದು ತೂಕವಿದೆ ಎಂಬ ಯೋಚನೆ ಬಂದಿರಲಿಲ್ಲ. ಆಕಾಶಕ್ಕೆ ತೂಕ ಇದೆಯೇ ಎಂದು ಯಾರು ಕೇಳುತ್ತಾರೆ?

ಪರೀಕ್ಷೆಯ ಹಿಂದಿನ ಸಂಜೆ ಅಡ್ಡಮಳೆ ಬಿತ್ತು. ಏಪ್ರಿಲ್ ತಿಂಗಳಿನಲ್ಲಿ ನಮ್ಮಲ್ಲಿ ಗುಡುಗು ಬಂದರೂ ಮಳೆ ಅಪರೂಪ. ಆ ಸಲ ಕತ್ತಲಾಗುವ ತನಕ ಸುರಿಯಿತು. ಬೆಳಿಗ್ಗೆ ಹೂವಿನ ಹಿಪ್ಪರಗಿಯ ಆಚೆ ಬಸ್ಸಿಳಿದು, ಪ್ರಶ್ನೆಪತ್ರಿಕೆಯ ಲಕೋಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಎರೆಮಣ್ಣು ಮೆತ್ತಿ ಭಾರವಾದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಊರಿಗೆ ನಡೆದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಜನ ಈಗಾಗಲೇ ಸಾಕಷ್ಟು ಕೇಳಿಸಿಕೊಂಡಿದ್ದಾರೆ.

ಶಾಲೆ ಇದ್ದದ್ದು ಗೌಡರ ಹಳೆಯ ವಾಡೆಯ ಉದ್ದನೆಯ ಪಡಸಾಲೆಯಲ್ಲಿ. ಹೆಡ್‌ಮಾಸ್ತರರು ಬಾಗಿಲಲ್ಲೇ ಕಾದಿದ್ದರು. ಇಸ್ತ್ರಿಯ ಕೋಟು, ಅದರ ಕೆಳಗೆ ಧೋತರ.

"ಬರ್ರಿ ಅಕ್ಕೋರ. ಸಂಜಿ ಅಷ್ಟು ಮಳಿ ಆತು. ಒಳಗ ಒಂದ ಹನಿ ಸೋರಿಲ್ಲ ನೋಡ್ರಿ!" ಎಂದರು. "ಈ ವರ್ಷ ಎರಡ ಸಲ ಮಣ್ಣ ಹಾಕಸೇನಿ. ಬಾಜೂ ಊರಾಗ ಒಂದ ಸಲ. ನಮ್ಮಲ್ಲಿ ಎರಡ. ಪುಸ್ತಕದ ಕಪಾಟು ಸುಮ್ಮ ಕೊಟ್ಟಿಲ್ಲ ನೀವು."

ನಾನು ಮೆಚ್ಚಿಕೊಂಡೆ. ಅಂಗಳ ಕೆಸರು, ಓಣಿ ಕೆಸರು, ಪಡಸಾಲೆಯ ನೆಲ ಮಾತ್ರ ಒಣಗಿ ಬೆಳ್ಳಗಿತ್ತು. ಮೇಲೆ ಬಿದ್ದ ನೀರು ಕೆಳಗೆ ಬಂದಿರಲಿಲ್ಲ. ಹಾಗಾದರೆ ಅದು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಲಿಲ್ಲ. ನೆಲದ ಮೇಲೆ ಬಿದ್ದಿದ್ದ ಬೆಳಕಿನ ಬಿಲ್ಲೆ ಅಂಗೈಯಷ್ಟೇ ಇತ್ತು. ಬಾವಿಯ ತಳದಿಂದ ಆಕಾಶ ಕಂಡ ಹಾಗೆ, ಬೆಳಕಿಂಡಿ ಎಲ್ಲೋ ದೂರದಲ್ಲಿತ್ತು. ಅದನ್ನು ನೋಡಿದ್ದು ನೆನಪಿದೆ. ನೋಡಿ ಲಕೋಟೆ ಒಡೆದದ್ದೂ ನೆನಪಿದೆ.

ಸುತ್ತಲಿನ ಊರುಗಳಿಂದ ಬಂದ ಸುಮಾರು ನಲವತ್ತು ಮಕ್ಕಳು ಸಾಲಾಗಿ ಕುಳಿತರು. ಕುರಿ ಕಾಯುವ ಒಬ್ಬ ತಂದೆ ಮಗಳನ್ನು ಬಾಗಿಲ ತನಕ ತಂದು ಬಿಟ್ಟು, "ಇದೊಂದ ಸಲ ನೋಡ್ರಿ ಅಕ್ಕೋರ. ಪಾಸಾದ್ರ ಸಾಲಿ, ಇಲ್ಲಂದ್ರ ಕುರಿ ಹಿಂದ," ಎಂದ. ಹುಡುಗಿ ತಂದೆಯ ಕಡೆ ನೋಡದೆ ನಡುಸಾಲಿನಲ್ಲಿ ಹೋಗಿ ಕುಳಿತಳು.

ಹೊರಗೆ ತಂದೆ, ಕಾಕಾ, ಮಾಮಾ ಎಲ್ಲರೂ ನಿಂತಿದ್ದರು. ಹೋದ ವರ್ಷ ಯಾರೋ ಬಾಗಿಲಿಂದಲೇ ಲೆಕ್ಕದ ಉತ್ತರ ಕೂಗಿದ್ದರಂತೆ, ಅದೂ ತಪ್ಪು ಉತ್ತರ. "ಈ ಸಲ ಆ ಪಂಡಿತರ ಕಾಟ ಬ್ಯಾಡ," ಎಂದು ಹೆಡ್‌ಮಾಸ್ತರರು ಎರಡೂ ಕದ ಮುಚ್ಚಿ ಅಗಳಿ ಹಾಕಿದರು. ಒಳಗೆ ಉಳಿದ ದೊಡ್ಡವರು ನಾವಿಬ್ಬರೇ.

ಗಣಿತದ ಪತ್ರಿಕೆ ಅರ್ಧ ಮುಗಿದಿತ್ತು. ಕುರಿಗಾಹಿಯ ಮಗಳು ಕೈ ಎತ್ತಿದಳು.

"ಅಕ್ಕೋರ, ನನ್ನ ಹಾಳಿ ಮ್ಯಾಲ ಮಣ್ಣ ಬೀಳಾಕತ್ತೈತ್ರಿ."

"ಊದಿ ಬರಿಯವಾ," ಎಂದರು ಹೆಡ್‌ಮಾಸ್ತರರು. "ಮಣ್ಣಿನ ಸಾಲ್ಯಾಗ ಮಣ್ಣ ಬೀಳದ ಮಲ್ಲಿಗಿ ಬೀಳ್ತೈತೇನು?"

ಮಕ್ಕಳು ನಕ್ಕರು. ಅವಳು ಊದಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಊದಿದಳು. ನಾನು ಹತ್ತಿರ ಹೋಗಿ ನೋಡಿದೆ. ಅಕ್ಕಿಹಿಟ್ಟಿನಂಥ ನುಣುಪು ಮಣ್ಣು, ಅವಳ ಹಾಳೆಯ ಮೇಲಷ್ಟೇ ಅಲ್ಲ, ಅವಳ ಮುಂದಿನವನ ತಲೆಯ ಮೇಲೆ, ಅವನ ಮುಂದಿನವನ ಹೆಗಲ ಮೇಲೆ, ಬಾಗಿಲ ತನಕ ಒಂದೇ ಗೆರೆಯಲ್ಲಿ. ತಲೆ ಎತ್ತಿದೆ. ಆ ಗೆರೆಯ ನೇರ ಮೇಲೆ ದೊಡ್ಡ ತೊಲೆ ಇತ್ತು. ಆಗ ಎತ್ತಿನ ಗಾಡಿಯ ಅಚ್ಚು ತಿರುಗಿದ ಹಾಗೆ ಸಣ್ಣಗೆ ಕಿರ್ರೆಂದಿತು. ಮಕ್ಕಳು ಹೊರಗೆ ಗಾಡಿ ಹೋಯಿತೆಂದು ತಿಳಿದಿರಬೇಕು, ಯಾರೂ ತಲೆ ಎತ್ತಲಿಲ್ಲ.

ಬಾಗಿಲು ತೆಗೆದು ಬಿಡೋಣವೆಂದು ಹೋಗಿ ಅಗಳಿ ಸರಿಸಿದೆ. ಕದ ಅಲ್ಲಾಡಲಿಲ್ಲ. ಇನ್ನಷ್ಟು ಎಳೆದೆ. ಹೆಡ್‌ಮಾಸ್ತರರು ಬಂದು ಚಿಲಕ ಹಿಡಿದು ಜಗ್ಗಿದರು. "ಮಳಿಗೆ ಕಟಗಿ ಉಬ್ಬೈತಿ," ಎಂದರು. ನಾನು ಚೌಕಟ್ಟಿನ ಮೇಲ್ಪಟ್ಟಿಯನ್ನು ನೋಡಿದೆ. ಅದು ನಡುವೆ ಕೆಳಗೆ ಬಾಗಿ ಎರಡೂ ಕದಗಳ ನೆತ್ತಿಯ ಮೇಲೆ ಕುಳಿತಿತ್ತು. ಅದರ ಮೇಲಿನ ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಬಿರುಕಿನ ತುದಿಯಲ್ಲಿ ತೊಲೆಯ ತಲೆ.

ಕಾಲೇಜಿನಲ್ಲಿ ಕಲಿತದ್ದು ಯಾವುದೂ ಆಗ ಮಾತಿನ ರೂಪದಲ್ಲಿ ನೆನಪಾಗಲಿಲ್ಲ. ಬೆಳಕಿಂಡಿಯನ್ನು ತಿರುಗಿ ನೋಡಿದೆ ಅಷ್ಟೇ. ಆ ಬಾವಿಯ ಆಳವೆಲ್ಲ ಮಣ್ಣಿನ ದಪ್ಪ. ಇಡೀ ಸಂಜೆಯ ಮಳೆಯನ್ನು ಕುಡಿದು ಒಂದು ಹನಿಯನ್ನೂ ಕೆಳಗೆ ಬಿಡದ ಮಣ್ಣು. ಮಳೆಯಲ್ಲಿ ನೆನೆದ ಗೋಡೆ ಕುಸಿದು ತೊಲೆಯ ತುದಿ ಚೌಕಟ್ಟಿನ ಮೇಲೆ ಬಂದು ಕೂತಿತ್ತು. ಸೂರು ನಿಂತದ್ದು ಆ ಎರಡು ಮುಚ್ಚಿದ ಕದಗಳ ಮೇಲೆ.

ಅಷ್ಟರಲ್ಲಿ ಹೆಡ್‌ಮಾಸ್ತರರು ಕಿಟಕಿಗೆ ಬಾಯಿಟ್ಟು, "ಗೌಡ್ರ, ಬಾಗಲ ಸಿಗಿಬಿದ್ದೈತ್ರಿ. ಒಂದ ಹಾರಿ ತರಸ್ರಿ, ಒಡದ ಬಿಡೂಣು," ಎಂದು ಕೂಗಿದ್ದರು.

ನಾನು ಅವರ ತೋಳು ಹಿಡಿದೆ. ಪರಗಂಡಸಿನ ತೋಳು ಹಿಡಿದದ್ದು ಅದೇ ಮೊದಲು. "ಒಡೀಬ್ಯಾಡ್ರಿ ಸರ್. ಅದ ಈಗ ಬಾಗಲ ಅಲ್ರಿ, ಕಂಬ ಆಗೇತಿ. ಅದನ್ನ ತಗದ್ರ ಮ್ಯಾಲಿಂದೆಲ್ಲಾ ಬರ್ತೈತಿ."

"ಏನ್ ಮಾತಾಡ್ತೀರಿ ಅಕ್ಕೋರ, ನನ್ನ ಸಾಲಿ ನನಗ ಗೊತ್ತಿಲ್ಲೇನು?" ಎಂದವರು ಮೇಲೆ ನೋಡಿದರು. ಅವರ ಕೋಟಿನ ಹೆಗಲ ಮೇಲೆ ಹಿಟ್ಟು ಬೀಳುತ್ತಿತ್ತು. ಅದನ್ನು ಕೈಯಿಂದ ಒರೆಸಿ ಬೆರಳು ನೋಡಿಕೊಂಡರು. ಆಮೇಲೆ ಅವರ ದನಿ ಬೇರೆಯೇ ಆಯಿತು. "ಮತ್ತ ಎಲ್ಲಿಂದ ಹೋಗೂದ್ರಿ?"

ಕಿಟಕಿಗಳಿಗೆ ಕೈ ಮಾತ್ರ ತೂರುವಷ್ಟು ಒತ್ತೊತ್ತಾದ ದಪ್ಪ ಸಾಗವಾನಿ ಸರಳು. ಹಿಂದುಗಡೆ ದನದ ಅಂಗಳಕ್ಕೆ ಹೋಗುವ ಒಂದು ಗಿಡ್ಡ ಬಾಗಿಲಿತ್ತು. ಅದಕ್ಕೆ ಅಡ್ಡಲಾಗಿ ನಾವೇ ಕೊಟ್ಟ ಕಪಾಟು ನಿಂತಿತ್ತು. ಬೇರೆ ಗೋಡೆಗೆಲ್ಲ ನಕಾಶೆ ಹಾಕಿದ್ದರಿಂದ ಅಲ್ಲಿ ಇಟ್ಟಿದ್ದರು. ಇಬ್ಬರೂ ಹೋಗಿ ನೂಕಿದೆವು. ಕಪಾಟು ಕರ್ರೆಂದು ಬೆರಳಗಲ ಸರಿಯಿತು, ಆ ಅದುರಿಗೆ ಗೋಡೆಯ ಮಣ್ಣು ಜರಿಯಿತು. ಬಿಟ್ಟೆವು. ಖಾಲಿ ಮಾಡಿ ಎತ್ತಬೇಕು, ಎಳೆಯಬಾರದು.

ಕಪಾಟಿಗೆ ಕೀಲಿ ಹಾಕಿತ್ತು. ಕೀಲಿ ಹೆಡ್‌ಮಾಸ್ತರರ ಉಡಿದಾರದಲ್ಲಿತ್ತು. ಗಂಟು ಬಿಚ್ಚಲು ಅವರ ಕೈ ಬಾರದು. ಕಡೆಗೆ ದಾರವನ್ನೇ ಹರಿದರು.

ಮಕ್ಕಳಿಗೆ ಏನು ಹೇಳುವುದು? ಕೂಗಿದರೆ ಎಲ್ಲರೂ ಎದ್ದು ಬಾಗಿಲಿಗೆ ಬೀಳುತ್ತಾರೆ. ನಾನು ಪಾಠ ಹೇಳುವ ದನಿಯಲ್ಲಿ, "ಪೆನ್ನ ಕೆಳಗಿಡ್ರಿ. ಗೋಡಿಗುಂಟ ಸಾಲಾಗಿ ನಿಂದರ್ರಿ. ಪುಸ್ತಕ ಕೈಯಿಂದ ಕೈಗೆ ಕೊಡಬೇಕು. ಯಾರೂ ಓಡಂಗಿಲ್ಲ, ಮಾತಾಡಂಗಿಲ್ಲ," ಎಂದೆ.

"ಇದಕ್ಕೂ ಮಾರ್ಕ್ಸ್ ಅದಾವೇನ್ರಿ?" ಎಂದ ಒಬ್ಬ ಹುಡುಗ.

"ಅದಾವ," ಎಂದೆ.

ಪುಸ್ತಕಗಳು ಕೈಯಿಂದ ಕೈಗೆ ಹೋದವು. ಹಾಳೆಯ ಅಂಚು ಇನ್ನೂ ಅಂಟಿಕೊಂಡಿದ್ದ ಹೊಚ್ಚಹೊಸ ಪುಸ್ತಕಗಳು. ಹೆಡ್‌ಮಾಸ್ತರರು ಒಂದೊಂದನ್ನೂ ತೆಗೆದುಕೊಡುವಾಗ ಅಭ್ಯಾಸಬಲದಿಂದ, "ಸಾವಕಾಶ, ಹರದೀರಿ," ಎನ್ನುತ್ತಿದ್ದರು.

ಕೆಳಗಿನ ಎರಡು ಹಲಗೆ ಉಳಿದಾಗ ನಮ್ಮ ತಲೆಯ ಮೇಲೆ ದಪ್ ದಪ್ ಎಂದು ಹೆಜ್ಜೆಯ ಸಪ್ಪಳ. ನಡುವಿನಿಂದ ಮುಷ್ಟಿ ಗಾತ್ರದ ಹೆಂಟೆ ಬಿತ್ತು. ಒಬ್ಬಳು ಚೀರಿದಳು. ನಾನು ಕಿಟಕಿಗೆ ಓಡಿದೆ. ಏಣಿ ಹಚ್ಚಿ ಜನ ಸಲಿಕೆ, ಬುಟ್ಟಿ ಹಿಡಿದು ಮಾಳಿಗೆ ಏರಿದ್ದರು. ಕೆಳಗೆ ಗೌಡರು ಹಾರೆ ಹಿಡಿದು ಮುಂಬಾಗಿಲ ಎದುರೇ ನಿಂತಿದ್ದರು.

"ಗೌಡ್ರ, ಅವರನ್ನ ಇಳಸ್ರಿ!"

"ಅಂಜಬ್ಯಾಡ್ರಿ ಅಕ್ಕೋರ, ಮಾಳಗಿ ನಡಾ ತಗ್ಗ ಬಿದ್ದೈತಂತ. ಮ್ಯಾಲಿನ ಭಾರ ಕಡಿಮಿ ಮಾಡಾಕತ್ತೇವಿ!"

"ನೀವ ಭಾರ ಆಗಾಕತ್ತೀರಿ! ಕೈ ಮುಗಿತೇನಿ, ಮಕ್ಕಳ ತಲಿ ಮ್ಯಾಲ ನಿಂತಾರ ಅವರು! ನೀವೂ ಬಾಗಲ ಬಿಟ್ಟು ಸರೀರಿ!"

ಗೌಡರು ಒಂದು ಗಳಿಗೆ ನನ್ನನ್ನೇ ನೋಡಿದರು. ಅವರಿಗೆ ಊರಲ್ಲಿ ಯಾರೂ ಪಕ್ಕಕ್ಕೆ ಸರಿಯಿರಿ ಎಂದು ಹೇಳಿದ್ದಿಲ್ಲ. ಆಮೇಲೆ ಹಾರೆಯನ್ನು ಕೆಸರಿಗೆ ಎಸೆದು, "ಏ, ಇಳೀರಲೇ! ಒಬ್ಬೊಬ್ಬರ ಇಳೀರಿ, ಜಿಗೀಬ್ಯಾಡ್ರಿ!" ಎಂದು ಗದರಿದರು. ಮೇಲಿನಿಂದ ಯಾರೋ, "ಏರು ಅಂದವರೂ ನೀವ, ಇಳಿ ಅಂದವರೂ ನೀವ. ನಾವೇನ್ ಮಂಗ್ಯಾರೇನ್ರಿ?" ಎಂದ. ಹೆಜ್ಜೆಗಳು ಒಂದೊಂದಾಗಿ ಅಂಚಿಗೆ ಸರಿದು ಏಣಿ ಇಳಿದವು. ಪ್ರತಿ ಹೆಜ್ಜೆಗೂ ಸೂರಿನಿಂದ ಮಣ್ಣು ಉದುರಿತು. ಆ ಹೆಜ್ಜೆಗಳೇ ನನಗೆ ಈಗಲೂ ಕೇಳುವುದು. ಬಿದ್ದ ಸದ್ದಲ್ಲ.

ಕಪಾಟು ಖಾಲಿಯಾಯಿತು. ದೊಡ್ಡ ಹುಡುಗರು ನಾಲ್ಕೂ ಮೂಲೆಗೆ ಕೈ ಹಾಕಿ ನಮ್ಮೊಂದಿಗೆ ಎತ್ತಿ ಪಕ್ಕಕ್ಕಿಟ್ಟರು. ಗಿಡ್ಡ ಬಾಗಿಲು ಎಳೆದ ಕೂಡಲೇ ತೆರೆಯಿತು. ಅಷ್ಟು ಸುಲಭವಾಗಿ ತೆರೆದದ್ದಕ್ಕೆ ನನಗೆ ಅಳು ಬಂತು. ಒಬ್ಬೊಬ್ಬರೇ ಬಗ್ಗಿ ದನದ ಅಂಗಳಕ್ಕೆ ದಾಟಿದರು. ಕುರಿಗಾಹಿಯ ಮಗಳು ಬಾಗಿಲ ತನಕ ಬಂದು ತಿರುಗಿ ನಿಂತಳು. ಅವಳ ಹಾಳೆ ನಡುಸಾಲಿನಲ್ಲೇ ಇತ್ತು, ಮಣ್ಣಿನ ಗೆರೆಯ ಕೆಳಗೆ.

"ನಡಿ."

"ನನ್ನ ಲೆಕ್ಕ ಎಲ್ಲಾ ಸರಿ ಬಂದಾವ್ರಿ. ಒಂದೀಟ ತರ್ತೇನ್ರಿ."

ಅವಳ ಜಡೆ ಹಿಡಿದು ಹೊರಗೆ ನೂಕಿದೆ. ಅದು ಬಹಳ ನೋವಾಗಿರಬೇಕು. ಅವಳ ಹಿಂದೆ ನಾನು. ನನ್ನ ಹಿಂದೆ ಬರಬೇಕಾಗಿದ್ದ ಹೆಡ್‌ಮಾಸ್ತರರು ಬರಲಿಲ್ಲ. ಬಗ್ಗಿ ನೋಡಿದರೆ ಅವರು ಒಳಗೆ ಹೆಜ್ಜೆ ಹಾಕಿದ್ದರು, ನೆಲದ ಮೇಲಿನ ಹಾಳೆಗಳ ಕಡೆಗೆ. ಆ ಹುಡುಗಿಯ ಮಾತು ಅವರಿಗೆ ಕೇಳಿಸಿತ್ತು. ನಾನು ಹೊಸ್ತಿಲ ಮೇಲೆ ಮೊಣಕಾಲೂರಿ ಅವರ ಕೋಟಿನ ತುದಿ ಹಿಡಿದು ಮೈಯೆಲ್ಲ ಹಿಂದಕ್ಕೆ ಹಾಕಿ ಜಗ್ಗಿದೆ. ಇಬ್ಬರೂ ಸಗಣಿಯ ಮೇಲೆ ಅಂಗಾತ ಬಿದ್ದೆವು.

ಆಮೇಲೆ ಮುಂಬಾಗಿಲು ಒಡೆಯಿತು.

ಸದ್ದು ದೊಡ್ಡದಿರಲಿಲ್ಲ. ಯಾರೋ ಭಾರವಾದ ಚೀಲ ಇಳಿಸಿ ಉಸಿರು ಬಿಟ್ಟ ಹಾಗೆ. ಗಿಡ್ಡ ಬಾಗಿಲಿನಿಂದ ಗಾಳಿ ನುಗ್ಗಿತು, ಹಸಿ ಮಣ್ಣು ಮತ್ತು ಎಷ್ಟೋ ವರ್ಷದ ಬೇವಿನ ತಪ್ಪಲಿನ ವಾಸನೆಯ ಗಾಳಿ. ಕೆಲವು ಹಾಳೆಗಳು ಅದರೊಂದಿಗೆ ಹಾರಿ ಬಂದು ಎಮ್ಮೆಯ ಮುಂದೆ ಬಿದ್ದವು. ಪಡಸಾಲೆ ಇದ್ದಲ್ಲಿ ಆಕಾಶವಿತ್ತು.

ಓಣಿಯ ಕಡೆ ಚೀರಾಟ ಶುರುವಾಯಿತು. ಆ ಕಡೆಯವರಿಗೆ ಮಕ್ಕಳು ಹೊರಬಂದದ್ದು ಗೊತ್ತಿರಲಿಲ್ಲ. ತಾಯಂದಿರು ಮಣ್ಣಿನ ಗುಡ್ಡೆಯನ್ನು ಕೈಯಿಂದ ತೋಡುತ್ತಿದ್ದರು. ಮಕ್ಕಳು ವಾಡೆಯನ್ನು ಸುತ್ತಿ ಓಡಿಹೋಗಿ ಹಿಂದಿನಿಂದ, "ಅವ್ವಾ, ಇಲ್ಲಿ ಅದೇನಿ," ಎಂದರೂ ಕೆಲವರು ತಿರುಗಲಿಲ್ಲ, ತೋಡುತ್ತಲೇ ಇದ್ದರು. ಒಬ್ಬಾಕೆ ಮಗ ಹೆಗಲು ಮುಟ್ಟಿದಾಗ ಅವನ ಕೆನ್ನೆಗೆ ಬಾರಿಸಿ, ಆಮೇಲೆ ಅಪ್ಪಿಕೊಂಡಳು. ಮುಂಬಾಗಿಲಿನ ಒಂದು ಕದ ಓಣಿಯ ಆಚೆ ಗೋಡೆಗೆ ಬಡಿದು ಸೀಳಿತ್ತು. ಗೌಡರು ಹಾರೆ ಹಿಡಿದು ನಿಂತಿದ್ದ ಜಾಗದಲ್ಲಿ ಆಳೆತ್ತರ ಕಲ್ಲು. ಅವರು ಅದನ್ನು ನೋಡುತ್ತ, ತಲೆಯ ಪಟಗಾ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಕುರಿಗಾಹಿಯ ಮಗಳು ನನ್ನ ಪಕ್ಕ ಬಂದು ನಿಂತಳು. "ಈಗ ಕುರಿ ಹಿಂದ ಹೋಗ್ಬೇಕೇನ್ರಿ ಅಕ್ಕೋರ?" ಎಂದಳು.

ಇಲ್ಲ ಎಂದೆ. ಆ ಮಾತು ಹೇಳುವ ಅಧಿಕಾರ ನನಗಿರಲಿಲ್ಲ.

ಮರುದಿನ ಸಿಂದಗಿಯಲ್ಲಿ ಅಧ್ಯಕ್ಷರ ಮನೆಗೆ ಹೋಗಿ ಎಲ್ಲ ಹೇಳಿದೆ. ನಾನು ನಿಲ್ಲಿಸಿದ ಮೇಲೆ, "ಎರಡ ಸಲ ಹಾಕಿದ್ರಾ?" ಎಂದು ಕೇಳಿದರು.

"ಹೌದ್ರಿ. ಬಾಜೂ ಊರಿನವರಿಗಿಂತ ಹೆಚ್ಚಾಗ್ಲಿ ಅಂತ."

"ನಾ ಪ್ರತಿ ಊರಾಗೂ ಬಾಜೂ ಊರಿನ ಹೆಸರ ಹೇಳಿ ಬಂದೇನಿ," ಎಂದರು. ಕುರ್ಚಿಯ ತೋಳು ಹಿಡಿದು ಎದ್ದರು, ಮತ್ತೆ ಕುಳಿತರು. "ನಾಲ್ಕೂ ತಾಲ್ಲೂಕಿನಾಗ."

ಕರಾರು ಅಂದೇ ರದ್ದಾಯಿತು. ರದ್ದಾದರೆ ಮಣ್ಣು ಇಳಿಯುವುದಿಲ್ಲವಲ್ಲ. ಮುಂಗಾರು ಹತ್ತಿರವಿತ್ತು. ಮಾಳಿಗೆಯ ಶಾಲೆಗಳಿಗೆಲ್ಲ ಹೋಗಿ, ಮಕ್ಕಳನ್ನು ಹೊರಗೆ ಕೂಡಿಸಿ, ತೊಲೆಗೆ ಆಸರೆ ಕೊಟ್ಟು, ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಮಣ್ಣು ಇಳಿಸಬೇಕು. ಮುದ್ದೇಬಿಹಾಳ ಮತ್ತು ಬಾಗೇವಾಡಿಯ ಕಡೆ ಅಧ್ಯಕ್ಷರು ತಾವೇ ಹೊರಟರು. ಆ ವಯಸ್ಸಿನಲ್ಲಿ, ಬಸ್ಸಿನಲ್ಲಿ. ಸಿಂದಗಿ ಮತ್ತು ಇಂಡಿ ನನ್ನ ಪಾಲಿಗೆ ಬಂದವು. ಪರೀಕ್ಷೆಯನ್ನು ಬಾಗೇವಾಡಿಯಲ್ಲಿ ಬೇವಿನ ಮರದ ಕೆಳಗೆ ಮತ್ತೆ ನಡೆಸಿದೆವು. ಆ ಹುಡುಗಿ ಪಾಸಾಗಿ ಅಲ್ಲಿಯ ಹೈಸ್ಕೂಲಿಗೆ ಸೇರಿದಳು. ನನ್ನನ್ನು ಕಂಡಾಗಲೆಲ್ಲ ಜಡೆ ಮುಟ್ಟಿಕೊಳ್ಳುತ್ತಿದ್ದಳು.

ಕನ್ನೊಳ್ಳಿಯ ಆಚೆಗಿನ ಒಂದು ಊರಿಗೆ ಹೋದಾಗ ಬೆಳಗಿನ ಶಾಲೆ ನಡೆದಿತ್ತು. ಮಾಳಿಗೆಯ ಅಂಚಿನಲ್ಲಿ ಹೊಸ ಮಣ್ಣು ಇನ್ನೂ ತೇವವಾಗಿ ಹೊಳೆಯುತ್ತಿತ್ತು. ನಾನು ಬಾಗಿಲು ಎಳೆದು ನೋಡಿದೆ. ಆಡಿತು, ಸ್ವಲ್ಪ ಬಿಗಿಯಾಗಿ. ಅಲ್ಲಿಯ ಮಾಸ್ತರರು ಎತ್ತರದ ಆಳು, ದೊಡ್ಡ ನಗೆಯವರು. ಬಂದ ಕಾರಣ ಹೇಳಿದೆ.

"ಮಣ್ಣ ತಗೀಬೇಕಾ?" ಎಂದರು. ಬಾಗಿಲಲ್ಲಿ ನಿಂತಿದ್ದ ಇಬ್ಬರು ರೈತರ ಕಡೆ ನೋಡಿದರು. "ಕೇಳಿದಿರೇನು? ಮಣ್ಣ ಹಾಕ್ರಿ ಅಂದವರೂ ಇವರ, ತಗೀರಿ ಅನ್ನವರೂ ಇವರ."

"ನಮ್ಮಜ್ಜ ಹಾಕಿದ ಮಣ್ಣೈತ್ರಿ ಅದರಾಗ," ಎಂದ ಅವರಲ್ಲೊಬ್ಬ.

"ಅಕ್ಕೋರ, ನಮ್ಮ ಸಾಲಿ ಕ್ವಾಟಿ ಇದ್ದಂಗ ಗಟ್ಟಿ ಐತಿ. ಎಲ್ಲೋ ಒಂದ ಬಿತ್ತಂದ್ರ ಎಲ್ಲಾ ಬೀಳ್ತಾವೇನು?"

ಎದುರಿಗೆ ಮಕ್ಕಳು ಪಾಟಿಯ ಮೇಲೆ ಮಗ್ಗಿ ಬರೆಯುತ್ತಿದ್ದರು. ನಡುವೆ ನೆಲದ ಮೇಲೆ ಬೆಳಕಿನ ಬಿಲ್ಲೆ, ಅಂಗೈಯಷ್ಟು. ನಾನು ಅದನ್ನು ನೋಡಿದೆ.

"ಸರ್, ಒಂದ ಕೆಲಸ ಮಾಡ್ರಿ," ಎಂದೆ. "ಮೇಜಿನ ಮ್ಯಾಲ ಹತ್ತಿ ಬೆಳಕಿಂಡ್ಯಾಗ ಕೈ ಹಾಕ್ರಿ. ಮ್ಯಾಲಿನ ಅಂಚ ಮುಟ್ಟಿದ್ರ ನಾ ಈಗ ಬಸ್ಸಿಗೆ ಹೋಗ್ತೇನಿ."

ಅವರು ನಗುತ್ತಲೇ ಹತ್ತಿದರು. ಮಕ್ಕಳು ಬರೆಯುವುದು ಬಿಟ್ಟು ನೋಡಿದರು. ಮಾಸ್ತರರು ಕೈ ಎತ್ತಿ ತೂತಿಗೆ ಹಾಕಿದರು. ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು. ತುದಿಗಾಲಲ್ಲಿ ನಿಂತರು. ತೋಳು ಪೂರ್ತಿ ಹೋಗಿ ಹೆಗಲು ಜಂತಿಗೆ ತಾಗಿತು. ಬೆರಳುಗಳು ಅಂಚನ್ನು ಹುಡುಕುವುದು ಅವರ ಕತ್ತಿನ ನರದಲ್ಲಿ ಕಾಣುತ್ತಿತ್ತು. ಹುಡುಕಿದರು. ಇನ್ನೂ ಹುಡುಕಿದರು. ಮುಖದ ನಗೆ ಅಲ್ಲೇ ಉಳಿದಿತ್ತು, ಅದನ್ನು ತೆಗೆಯುವುದು ಅವರಿಗೆ ಮರೆತಿತ್ತು.

ಕಣ್ಣು ಮಾತ್ರ ಕೆಳಗಿಳಿದು, ಸೂರಿನ ಕೆಳಗೆ ಸಾಲಾಗಿ ಕುಳಿತ ಮಕ್ಕಳ ಮೇಲೆ ಹೋಯಿತು.

"ಹುಡುಗೂರಾ," ಎಂದರು, ಮಲಗಿದ ಕೂಸನ್ನು ಎಬ್ಬಿಸದ ದನಿಯಲ್ಲಿ. "ಪಾಟಿ ಅಲ್ಲೇ ಬಿಡ್ರಿ. ಮೆಲ್ಲಕ ಏಳ್ರಿ. ಒಬ್ಬೊಬ್ಬರ ಹೊರಗ ನಡೀರಿ."

ಕೊನೆಯ ಮಗು ಹೊಸ್ತಿಲು ದಾಟುವ ತನಕ ಅವರು ಮೇಜಿನಿಂದ ಇಳಿಯಲಿಲ್ಲ, ಕೈಯನ್ನೂ ಹೊರಗೆ ತೆಗೆಯಲಿಲ್ಲ.